ಟುವಾಲಿನ ಕೆಳಗೆ ಕೇಳಿದ ಮಾಸ್ತರು

ನಮ್ಮಪ್ಪ ದೇವದುರ್ಗದ ದೊಡ್ಡ ಹತ್ತಿ ವ್ಯಾಪಾರಿ. ರಾಯಚೂರು, ಮಾನ್ವಿಯ ವ್ಯಾಪಾರಸ್ಥರೆಲ್ಲ ಅವನ ಮಾತಿಗೆ ತಲೆದೂಗುತ್ತಿದ್ದರು. ಮನೆಯಲ್ಲಿ ಯಾರೂ ತೂಗುತ್ತಿರಲಿಲ್ಲ, ಅದು ಬೇರೆ ಮಾತು. ಆಗ ನಿಜಾಮರ ಕಾಲ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಸರ್ಕಾರಿ ಸಾಲೆ ಇತ್ತು. "ಅದು ಸಾಲಿ ಅಲ್ಲ, ಗದ್ಲದ ಗೂಡು" ಎಂದು ಅಪ್ಪ ದಿನಾ ಬೈಯುತ್ತಿದ್ದ. ಅಣ್ಣಂದಿರಿಬ್ಬರಿಗೆ ಪಾಠ ಹೇಳಲು ಐನೋರು ಮನೆಗೇ ಬರುತ್ತಿದ್ದರು. ಹೆಣ್ಣುಹುಡುಗಿಯಾದ ನನಗೆ ಅದೂ ಇಲ್ಲ. ಗೋಡೆಯಾಚೆಯಿಂದ ಬರುವ ಮಗ್ಗಿಯನ್ನು ಒಲೆ ಮುಂದೆ ಕೂತು ಗುನುಗುತ್ತಿದ್ದೆ. ಆ ಗದ್ದಲದಲ್ಲಿ ನನ್ನದೂ ಒಂದು ದನಿ ಸೇರಬೇಕೆಂದು ಜೀವ ಹಂಬಲಿಸುತ್ತಿತ್ತು.

ಒಂದು ದಿನ ಮಕ್ಕಳು ಮುಕ್ಕಾಲು ಮಗ್ಗಿಯನ್ನು ತಪ್ಪಾಗಿ ಒದರಿದರು. ಹತ್ತಿ ವ್ಯಾಪಾರಿಗೆ ಮುಕ್ಕಾಲು ತಪ್ಪಿದರೆ ತಡೆದೀತೇ? "ಏಳು ಮುಕ್ಕಾಲಲೇ ಐದೂಕಾಲು!" ಎಂದು ಕೂಗುತ್ತಲೇ ಸಾಲೆಗೆ ನುಗ್ಗಿದ ಅಪ್ಪ ಊಟದ ಹೊತ್ತಿಗೂ ಬರಲಿಲ್ಲ. ಅಲ್ಲಿ ನಾಲ್ಕು ತರಗತಿಗೆ ಒಬ್ಬನೇ ಮಾಸ್ತರ. ಆತ ಒಂದು ತರಗತಿಗೆ ಉರ್ದು ಹೇಳುವಾಗ ಉಳಿದ ಮೂರು ಒಂದರ ಮೇಲೊಂದು ಹತ್ತಿ ಕೂತಿರುತ್ತಿದ್ದವಂತೆ.

ಅಂದಿನಿಂದ ಅಪ್ಪನಿಗೆ ಸಾಲೆಯದೇ ಧ್ಯಾನ. "ಸರ್ಕಾರದ ಸಾಲಿ ಅಂದ್ರ ನಮ್ಮ ಸಾಲಿ. ನಾವು ಕೇಳಲಿಲ್ಲಂದ್ರ ಯಾರು ಕೇಳ್ತಾರ?" ಎಂದು ಕಂಡಕಂಡವರನ್ನು ಹಿಡಿದು ನಿಲ್ಲಿಸುತ್ತಿದ್ದ. ಹತ್ತಿ ತಂದವರು ತಕ್ಕಡಿಗೆ ಮೊದಲು ಈ ಭಾಷಣ ಕೇಳಲೇಬೇಕು. ಕೆಲವರು ಬೇರೆ ಅಂಗಡಿ ಹುಡುಕಿಕೊಂಡರು.

ಕೊನೆಗೆ ರಾಯಚೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಅಪ್ಪ ಅವರನ್ನು ಚಹಾಕ್ಕೆ ನಮ್ಮ ಪಡಸಾಲೆಗೇ ಕರೆತಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹತ್ತಿಪೇಟೆಯಲ್ಲಿ ಯಾರೂ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೈಕೈ ಹಿಡಿದು, ಮೇಲೆ ಟುವಾಲು ಮುಚ್ಚಿ, ಒಳಗೆ ಬೆರಳು ಒತ್ತಿ ತಿಳಿಸುವುದು. ಅಪ್ಪನಿಗೆ ಗೊತ್ತಿದ್ದ ಚೌಕಾಸಿ ಅದೊಂದೇ. ಸಾಹೇಬರ ಕೈ ಹಿಡಿದು ಟುವಾಲು ಮುಚ್ಚಿ ಎರಡು ಬೆರಳು ಒತ್ತಿಯೇಬಿಟ್ಟ.

ಸಾಹೇಬರು ಕೈ ಕಿತ್ತುಕೊಂಡು ಎದ್ದುನಿಂತರು. "ಏನ್ರೀ ಇದು? ನನಗ ಲಂಚ ತೋರಿಸ್ತೀರಿ?"

"ಲಂಚ ಅಲ್ರೀ ಸಾಹೇಬ್ರ, ಮಾಸ್ತರ್ರು! ಇನ್ನಾ ಇಬ್ಬರು ಬೇಕು. ಒಬ್ಬರಿಗೆ ಸೌದಾ ಮುಗ್ಯಂಗಿಲ್ಲ."

ಸಾಹೇಬರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಇಬ್ಬರನ್ನ ಕೊಡಸಾಕ ನೋಡ್ತೀನಿ. ಆದ್ರ ನಿಮ್ಮ ಮನಿಯಿಂದ ಈ ಸಾಲಿಗೆ ಎಷ್ಟು ಮಂದಿ ಬರ್ತಾರ್ರೀ?"

ಅಪ್ಪ ತೊಲೆ ನೋಡಿದ, ಜಂತಿ ನೋಡಿದ. "ಇಬ್ಬರು ಹುಡುಗ್ರು ಅದಾರ್ರೀ. ನಾಳಿಂದ ಕಳಸ್ತೀನಿ."

ನನಗೆ ತಡೆಯಲಾಗಲಿಲ್ಲ. ಪರಪುರುಷರ ಮುಂದೆ ಹೆಣ್ಣುಮಕ್ಕಳು ಬಾಯಿಬಿಡಬಾರದೆಂಬುದು ನೆನಪಾಗುವಷ್ಟರಲ್ಲಿ ಮಾತು ಹೊರಬಿದ್ದಿತ್ತು. "ಯಪ್ಪಾ, ನಾನು ಈ ಮನಿಯಾಕಿ ಅಲ್ಲೇನು?"

ಅಡುಗೆಮನೆಯಲ್ಲಿ ಅವ್ವನ ಬಳೆ ಸದ್ದು ನಿಂತಿತು. ಅಪ್ಪ ತಿರುಗಿ ಬಾಗಿಲ ಕಡೆ ನೋಡಿದ. ಬೈಯುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಮೂವರ್ರೀ ಸಾಹೇಬ್ರ," ಎಂದ ಅಪ್ಪ.

ಮರುದಿನ ಅಣ್ಣಂದಿರು ನೆಟ್ಟಗೆ ಸಾಲೆಗೆ ಹೋದರು. ನನ್ನನ್ನು ಮಾತ್ರ ಅಪ್ಪ ಕೈಹಿಡಿದು, ಗೋಡೆಯಾಚೆಯ ಸಾಲೆಗೆ, ಇಡೀ ಬಜಾರ ಸುತ್ತಿಸಿ ಕರೆದೊಯ್ದ. ಪ್ರತಿ ಅಂಗಡಿಯವರೂ ಕೇಳಿದರು, "ಎಲ್ಲಿಗ್ರೀ ಸಾವ್ಕಾರ್ರ, ಮಗಳನ್ನ ಕರ್ಕೊಂಡು?"

ಅಪ್ಪ ಪ್ರತಿ ಅಂಗಡಿಯ ಮುಂದೂ ನಿಂತು ಗಟ್ಟಿಯಾಗಿ ಹೇಳಿದ, "ನನ್ನ ಮಗಳು ಸಾಲಿಗೆ ಹೊಂಟಾಳ. ನಿನ್ನ ಮಗಳು ಎಲ್ಲಿ ಅದಾಳ?"