ಈಜು ಬಾರದ ಆಮೆ

ಆಮೆ ತಪ್ಪಿಸಿಕೊಂಡು ಹೋಯಿತು ಅಂದರೆ ಜನ ನಗುತ್ತಾರೆ. ನಗಲಿ. ಅದನ್ನು ನೋಡಿಕೊಳ್ಳುವವನು ನಾನು. ಹುಡುಕಿಕೊಂಡು ಓಡುವವನೂ ನಾನೇ.

ಇಕ್ಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ನನ್ನ ಕೆಲಸ. ಬಂದವರಿಗೆ ತೋರಿಸಲು ಯಜಮಾನರು ಆಫ್ರಿಕಾದ ಆಮೆಯೊಂದನ್ನು ತಂದಿದ್ದಾರೆ. ಅಲ್ಲಿನ ಒಣ ಹುಲ್ಲುಗಾವಲಿನದಂತೆ. ಈಗಿನ್ನೂ ಮರಿ. ಪೂರ್ತಿ ಬೆಳೆದರೆ ನನ್ನಷ್ಟು ತೂಗುತ್ತದೆ, ನನಗಿಂತ ಹೆಚ್ಚು ಬದುಕುತ್ತದೆ. ತಿನ್ನುವುದು ಹುಲ್ಲು. ಬಿಸಿಲು ಜಾಸ್ತಿಯಾದರೆ ನೆಲ ತೋಡಿ ಒಳಗೆ ಕೂರುತ್ತದೆ. ಥಂಡಿ ಹಿಡಿದರೆ ಮೂಗು ಸುರಿಯುತ್ತದೆ. ಇಂಥದ್ದನ್ನು ತಂದು ಇಟ್ಟದ್ದು ಮಳೆ ಬಿಡದ ನಮ್ಮ ಸಾಗರ ಸೀಮೆಯಲ್ಲಿ. ಮೂಗು ಒದ್ದೆಯಾಗಿದೆಯಾ ಅಂತ ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತೇನೆ. ನನ್ನ ಅಮ್ಮನಿಗೆ ಕೆಮ್ಮು ಬಂದಾಗಲೂ ಇಷ್ಟು ನೋಡಿಲ್ಲ.

ಹೋದ ವಾರ ಅದು ಬೇಲಿಯ ಕೆಳಗೆ ತೋಡಿಕೊಂಡು ಹೋಗಿಬಿಟ್ಟಿತು. ನಾನು ನಾಯಿಗೆ ಹೆದರಲಿಲ್ಲ, ಲಾರಿಗೂ ಹೆದರಲಿಲ್ಲ. ಹೆದರಿದ್ದು ಒಳ್ಳೆಯವರಿಗೆ. ನಮ್ಮ ಕಡೆ ಆಮೆ ಸಿಕ್ಕಿದರೆ ಬಾವಿಗೆ ಬಿಡುತ್ತಾರೆ. ನೀರು ಚೊಕ್ಕ ಇರುತ್ತದೆ ಅಂತ ನಂಬಿಕೆ, ಜೊತೆಗೆ ಪುಣ್ಯ. ವಿಷ್ಣುವೇ ಆಮೆಯಾಗಿ ಸಮುದ್ರದೊಳಗೆ ಬೆಟ್ಟ ಹೊತ್ತ ಅನ್ನುತ್ತಾರೆ. ಹೊತ್ತಿರಬಹುದು. ಅದು ಬೇರೆ ಜಾತಿ. ನಮ್ಮದು ನೀರಿಗೆ ಬಿದ್ದರೆ ಕಲ್ಲು.

ಮನೆಮನೆ ಕೇಳುತ್ತಾ ಓಡಿದೆ. ರಸ್ತೆ ತಿರುವಿನ ಮನೆಯ ಗೌರಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಹಗ್ಗ ಕಟ್ಟಿದ ಬುಟ್ಟಿಯೊಳಗೆ ನಮ್ಮ ಆಮೆ. ಬೆನ್ನಿಗೆ ಅರಿಶಿನ ಕುಂಕುಮ ಬೇರೆ.

“ಬಿಡ್ಬೇಡಿ ಗೌರಮ್ಮ, ಅದಕ್ಕೆ ಈಜು ಬರಲ್ಲ.”

“ಆಮೆಗೆ ಈಜು ಬರಲ್ವಾ? ಯಾರ ಹತ್ರ ಹೇಳ್ತಿದೀಯ ಮಾರಾಯ? ನೀರಿಲ್ದೆ ಒಣಗಿ ಹೋಗಿದೆ ಪಾಪ, ಚರ್ಮ ನೋಡು.”

ಆಫ್ರಿಕಾ, ಹುಲ್ಲುಗಾವಲು ಅಂತೆಲ್ಲ ಹೇಳಿದೆ. ನನ್ನ ಮಾತು ನನಗೇ ಸುಳ್ಳಿನ ಹಾಗೆ ಕೇಳಿಸಿತು. ಅವರು ಬುಟ್ಟಿ ಎತ್ತಿ ಕಟ್ಟೆಯ ಮೇಲಿಟ್ಟರು. ನಾನು ಆಮೆಯನ್ನೇ ಎತ್ತಿ ಅದರ ಕಾಲನ್ನು ಅವರ ಮುಖದ ಎದುರು ಹಿಡಿದೆ. ನೀರಿನ ಆಮೆಗೆ ಬಾತುಕೋಳಿಗೆ ಇರುವಂತೆ ಬೆರಳ ಸಂದಿಯಲ್ಲಿ ಚರ್ಮ ಇರುತ್ತದೆ. ಇದರದ್ದು ಆನೆಯ ಹಾಗೆ ಕಂಬದಂಥ ಕಾಲು.

ಗೌರಮ್ಮ ಬಗ್ಗಿ ನೋಡಿದರು. ಮುಟ್ಟಿಯೂ ನೋಡಿದರು. ಹಗ್ಗ ಬಿಚ್ಚಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ನಿಂಗೆ ಬರ್ತದಾ ಈಜು?”

ಇಲ್ಲ ಅಂದೆ. ಶರಾವತಿ ಹಿನ್ನೀರಿನ ದಂಡೆಯಲ್ಲೇ ಹುಟ್ಟಿ ಬೆಳೆದವನು ನಾನು. ಪುಣ್ಯಕ್ಕೆ, ಇಲ್ಲಿವರೆಗೆ ನನ್ನನ್ನು ನೀರಿಗೆ ಬಿಡುವಷ್ಟು ಕರುಣೆ ಯಾರಿಗೂ ಬಂದಿಲ್ಲ.