ಬಾಲದ ಮೇಲಿನ ನಂಬರು

ಹಿಂದವಾಡಿಯ ಪಾರೀಸ ಕಾಕಾ ಪುಟ್ಟ ಮಾದರಿ ವಿಮಾನಗಳಿಗೆ ಅಂಟಿಸುವ ಸ್ಟಿಕರ್ ಮುದ್ರಿಸುತ್ತಿದ್ದರು. ಮಾದರಿಯ ಡಬ್ಬಿಯಲ್ಲೇ ಬಂದ ಸ್ಟಿಕರ್‌ಗಳಲ್ಲಿ ನಂಬರು ತಪ್ಪಿದ್ದರೆ, ನಿಜವಾದ ವಿಮಾನದ ಫೋಟೊ ನೋಡಿ ಸರಿಯಾದದ್ದನ್ನು ಮಾಡಿಕೊಡುವುದು ಅವರ ಹೆಮ್ಮೆ.

2001ರಲ್ಲಿ ಖಾನಾಪುರದ ಸಾವಂತ್ರವ್ವ ಬಂದರು. ಅವರ ಮಗ ಶಿವಲಿಂಗ ತರಬೇತಿ ವಿಮಾನ ಬಿದ್ದು ತೀರಿಕೊಂಡಿದ್ದ. ಅವನು ಜೋಡಿಸಿಟ್ಟಿದ್ದ ಮಾದರಿಗೆ ಸ್ಟಿಕರ್ ಇರಲಿಲ್ಲ. ಅವನು ಅದೇ ವಿಮಾನದ ಪಕ್ಕ ನಿಂತಿದ್ದ ಫೋಟೊ ನೋಡಿ ಕಾಕಾ ಬಾಲಕ್ಕೆ ನಂಬರು ಅಂಟಿಸಿದರು.

"ಇದು ಬಿದ್ದ ವಿಮಾನದ್ದ ನಂಬರ್ ಏನ್ರಿ, ಅಣ್ಣಾ?"

"ಹೌದವಾ. ಒಂದಂಕಿನೂ ತಪ್ಪಿಲ್ಲ."

"ಅದು ಬ್ಯಾಡ್ರಿ. ತಿರುಗಿ ಬಂದದ್ದರ ನಂಬರ್ ಹಚ್ಚಿ ಕೊಡ್ರಿ."

ಕಾಕಾ ನೀರು ಹಚ್ಚಿ ನಂಬರನ್ನು ಬಿಡಿಸಿದರು. ಹಳೆಯ ಫೋಟೊಗಳಲ್ಲಿ ಹುಡುಕಿ, ಇನ್ನೂ ಹಾರುತ್ತಿದ್ದ ವಿಮಾನವೊಂದರ ನಂಬರನ್ನು ಮುದ್ರಿಸಿ ಅಂಟಿಸಿದರು. ಗೊತ್ತಿದ್ದೂ ಅವರು ತಪ್ಪು ನಂಬರು ಅಂಟಿಸಿದ್ದು ಅದೊಂದೇ ಸಲ.