ಗುರುವಪ್ಪನ ಜಾಗ

"ಈ ಕುರ್ಚಿ ಯಾರದ್ದು?"

ನಾಪೋಕ್ಲಿನ ಹತ್ತಿರದ ಕಾಫಿ ತೋಟವೊಂದರ ಕಣದಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ಲಾರಿಯ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಗುರುವಪ್ಪ ಕೇಳುತ್ತಾರೆ. ಸುತ್ತ ನಿಂತವರು ಆಕಾಶ ನೋಡುತ್ತಾರೆ, ಕಾಫಿ ಗಿಡ ನೋಡುತ್ತಾರೆ, ಕುರ್ಚಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾರೆ. ತೋಳುಳ್ಳ ದೊಡ್ಡ ಬೆತ್ತದ ಕುರ್ಚಿ ಅದು. ಗುರುವಪ್ಪ ಅದನ್ನು ಎರಡನೆಯ ಸಲ ಲಾರಿಯಿಂದ ಇಳಿಸುತ್ತಾರೆ.

"ಸಮುದ್ರಕ್ಕೆ ಹೋಗುದಾ, ಮದುವೆಗೆ ಹೋಗುದಾ?" ಎಂದು, ಪೇಪರಿಗೆ ಬರೆಯಲೆಂದು ಜೊತೆಗೆ ಹೊರಟ ನನ್ನ ಕಡೆ ತಿರುಗುತ್ತಾರೆ, ಕುರ್ಚಿ ನನ್ನದೇ ಎಂಬಂತೆ. "ಡೇರೆ ಕಟ್ಟುವ ಹಗ್ಗ ಬೇಕಾ ಅಂತ ಒಬ್ಬ ಕೇಳುದಿಲ್ಲ ಮಾರಾಯ್ರೆ. ಗ್ರಾಮಫೋನ್ ಮಾತ್ರ ಯಾರೂ ಮರೆಯುದಿಲ್ಲ!"

ಗುರುವಪ್ಪ ಈ ತೋಟದ ಸ್ಟೋರ್ ಮೇಸ್ತ್ರಿ. ಊರು ಭಾಗಮಂಡಲದ ಕಡೆ, ಮನೆಮಾತು ಅರೆಭಾಷೆ. ವರ್ಷವಿಡೀ ಗೊಬ್ಬರ, ಗೋಣಿ, ಕತ್ತಿ ಕಾಯುವುದು ಅವರ ಕೆಲಸ. ಕಾಫಿ ಪಿಕ್ಕಿಂಗ್ ಮುಗಿದು, ಗಿಡಕ್ಕೆ ಹೂ ತರಿಸುವ ಹೂಮಳೆಗೆ ಕಾಯುವ ಬಿಡುವಿನಲ್ಲಿ ತೋಟದ ಮಾಲೀಕ ಪೊನ್ನಪ್ಪನವರ ಮನೆಯವರು, ನೆಂಟರಿಷ್ಟರು ಕಾಸರಗೋಡಿನ ಕಡೆಯ ಕಡಲತೀರಕ್ಕೆ ಹೋಗಿ ಡೇರೆ ಹಾಕಿ ಕೆಲವು ದಿನ ಇದ್ದು ಬರುತ್ತಾರೆ. ಆಗ ಜಾಗ ಆರಿಸುವವರೂ ಇವರೇ, ಸಾಮಾನು ಕಟ್ಟುವವರೂ ಇವರೇ, ಏನಾದರೂ ಎಡವಟ್ಟಾದರೆ ಬೈಸಿಕೊಳ್ಳುವವರೂ ಇವರೇ. ಯುದ್ಧದ ಕಾಲದಲ್ಲಿ ಮಿಲಿಟರಿ ಕ್ಯಾಂಪುಗಳಲ್ಲಿ ಡೇರೆ ಹೊಡೆದು ಕಲಿತ ವಿದ್ಯೆ. ಆಮೇಲೆ ಅಂಥವೇ ಡೇರೆಗಳು ಹರಾಜಿಗೆ ಬಂದಾಗ ಪೊನ್ನಪ್ಪನವರು ಕೊಂಡರು. ಡೇರೆ ಬಂದ ದಿನವೇ ಗುರುವಪ್ಪನ ಗ್ರಹಚಾರವೂ ಬಂತೆನ್ನಬೇಕು.

ಲಾರಿಗೆ ಮೊದಲು ಏರುವುದು ಖಾಲಿ ಕಾಫಿ ಗೋಣಿಗಳ ಕಟ್ಟು. ಇದಕ್ಕೂ ತಕರಾರು. "ಗೋಣಿ ಎಂತಕ್ಕೆ, ಅಲ್ಲಿ ಕಾಫಿ ಬೆಳೀತದಾ ಅಂತ ಕೇಳ್ತಾರೆ. ಮರಳಲ್ಲಿ ಗೂಟ ನಿಲ್ಲುದಿಲ್ಲ. ಗೋಣಿಗೆ ಮರಳು ತುಂಬಿ, ಹಗ್ಗ ಕಟ್ಟಿ ಹುಗೀಬೇಕು. ಹೋದ ವರ್ಷ ಹೇಳಿದ್ದೆ. ಈ ವರ್ಷ ಪುನಃ ಹೇಳ್ಬೇಕು. ಬರುವ ವರ್ಷ ಲಾರಿ ಮೇಲೆ ಬರೆಸ್ತೇನೆ."

ಹೋದ ವರ್ಷದ ಮಾತು ಬಂದರೆ ಸುತ್ತಲಿನವರಿಗೆ ನಗು ಬರುತ್ತದೆ, ಗುರುವಪ್ಪನ ಮುಖ ಗಂಟಿಕ್ಕುತ್ತದೆ. ನಮ್ಮ ಕೊಡಗು ರಾಜ್ಯದ ಗಡಿ ಸಂಪಾಜೆಗೆ ಮುಗಿಯುತ್ತದೆ. ಅಲ್ಲಿಂದಾಚೆ ಮದ್ರಾಸು ರಾಜ್ಯ, ಅಲ್ಲಿ ಪಾನನಿರೋಧ. ಯಾರೋ ಪುಣ್ಯಾತ್ಮರು ಹಾಸಿಗೆ ಸುರುಳಿಯಲ್ಲಿ ಬ್ರಾಂದಿ ಬಾಟಲಿ ಅಡಗಿಸಿಟ್ಟಿದ್ದರು. ಗಡಿಗೇಟಿನ ಪೊಲೀಸರು ಅದನ್ನು ಹಿಡಿದು, ಲಾರಿಯ ಸಾಮಾನೆಲ್ಲ ರಸ್ತೆಗೆ ಇಳಿಸಿದರು. ಬಿಡಿಸಿಕೊಂಡು ತೀರ ಸೇರುವಾಗ ಕತ್ತಲೆ. ಸಮುದ್ರದ ಭರತ ಬಂದಾಗ ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡಲು ಬೆಳಕಿರಲಿಲ್ಲ. "ಬೇಸಿಗೆಯಲ್ಲಿ ಯಾವ ನೀರು ಏರ್ತದೆ? ಇಲ್ಲೇ ಹಾಕು" ಎಂದರು ಪೊನ್ನಪ್ಪನವರು. ಕಾವೇರಿ ನೋಡಿ ಬೆಳೆದವರಿಗೆ ಅದು ಸರಿಯಾದ ಮಾತೇ. ಗುರುವಪ್ಪನೂ ಕಾವೇರಿ ನೋಡಿಯೇ ಬೆಳೆದವರು, ಹಾಕಿಬಿಟ್ಟರು. ಬೆಳಗಿನ ಹೊತ್ತಿಗೆ ಕಂಬಳಿ, ಅಕ್ಕಿ, ಅವಲಕ್ಕಿ ಎಲ್ಲ ಉಪ್ಪುನೀರಿನಲ್ಲಿದ್ದವು.

ಬಾಟಲಿ ಯಾರದ್ದೆಂದು ಈವರೆಗೆ ಯಾರೂ ಒಪ್ಪಿಕೊಂಡಿಲ್ಲ. ಹೆಸರು ಕೆಟ್ಟದ್ದು ಮಾತ್ರ ಗುರುವಪ್ಪನದು. ಈಗ ನಾಪೋಕ್ಲು ಬಸ್ಸಿನ ಮಾಡು ಸೋರಿ ಸೀಟು ಒದ್ದೆಯಾಗಿದ್ದರೆ ಜನ ಹೇಳುವುದು: "ಅಲ್ಲಿ ಕೂರಬೇಡಿ, ಅದು ಗುರುವಪ್ಪನ ಜಾಗ." ಸಂತೆಯಲ್ಲಿ ಕೆಸರು ಕಂಡರೂ ಅದೇ ಮಾತು. ಇವರ ಹೆಂಡತಿ ಯಮುನ ನೀರು ತರಲು ಹೋದರೆ, ಬಾವಿಕಟ್ಟೆಯ ಒದ್ದೆ ಕಲ್ಲು ತೋರಿಸಿ ಹೆಂಗಸರು ನಗುತ್ತಾರಂತೆ.

"ಈ ಸಲವೂ ನೆನೆದ್ರೆ ಡೇರೆ ಕೆಲಸ ಬೊತ್ತು" ಎನ್ನುತ್ತಾರೆ ಗುರುವಪ್ಪ. ಬೊತ್ತು ಎಂದರೆ ಅರೆಭಾಷೆಯಲ್ಲಿ ಬೇಡ ಎಂದು. ಅದನ್ನು ಅವರು ಹೇಳುವಾಗ ಬಾಗಿಲು ಹಾಕಿದ ಸದ್ದು ಕೇಳಿಸುತ್ತದೆ.

ಅದಕ್ಕಾಗಿ ಈ ಸಲ ಅವರದ್ದೊಂದು ಷರತ್ತು. ಗೇಟು ಬರುವ ಮೊದಲೇ, ಸಂಪಾಜೆಯ ಹೊಳೆ ಬದಿಯಲ್ಲಿ ಲಾರಿ ನಿಲ್ಲಬೇಕು, ಎಲ್ಲರ ಗಂಟೂ ಬಿಚ್ಚಬೇಕು. ನಿಲ್ಲುತ್ತದೆ. ಬಿಚ್ಚುತ್ತಾರೆ. ನನ್ನ ಹಾಸಿಗೆಯನ್ನೂ ಬಿಡದೆ ಕೊಡವುತ್ತಾರೆ. ಪೊನ್ನಪ್ಪನವರ ಹೆಂಡತಿ ಸುಲೋಚನಮ್ಮನವರ ಬುಟ್ಟಿಯಲ್ಲಿ ಬ್ರಾಂದಿ ಬಾಟಲಿಯೇ ಸಿಗುತ್ತದೆ. ಮೂಸಿದರೆ ಹಂದಿ ಸಾರಿಗೆ ಹಾಕುವ ಕಾಚಂಪುಳಿ. "ಹುಳಿ ತುಂಬ್ಲಿಕ್ಕೆ ಬೇರೆ ಬಾಟ್ಲಿ ಸಿಗಲಿಲ್ಲವಾ ಅಮ್ಮ?" ಎಂದು ಹಣೆ ಚಚ್ಚಿಕೊಂಡು ಅದನ್ನು ಜಾಡಿಗೆ ಸುರಿಯುತ್ತಾರೆ.

"ಎಲ್ಲರದ್ದೂ ಆಯ್ತು, ನಿಂದು ಬಿಚ್ಚು ಗುರುವಪ್ಪ" ಎನ್ನುತ್ತಾರೆ ಸುಲೋಚನಮ್ಮ.

"ನಂದರಲ್ಲಿ ಎಂತ ಉಂಟು ಅಮ್ಮ, ಕಂಬಳಿ."

"ಕಂಬಳಿ ನೋಡುವ."

ಕಂಬಳಿಯ ಮಡಿಕೆಯಿಂದ ಸಣ್ಣ ಬಾಟಲಿಯೊಂದು ಉರುಳಿ ಹುಲ್ಲಿನ ಮೇಲೆ ಬೀಳುತ್ತದೆ. ಜೊತೆಗೆ ಬಾಳೆಲೆಯ ತುಂಡು, ಅದರಲ್ಲಿ ಸುತ್ತಿದ ಹುರಿದ ಕೋಳಿ. ಇದು ಹುಳಿಯಲ್ಲ, ಅಪ್ಪಟ ಸಾರಾಯಿ. ಡ್ರೈವರ್ ದೇರಪ್ಪ ನಗು ತಡೆಯಲಾರದೆ ಲಾರಿಯ ಆಚೆ ಬದಿಗೆ ಹೋಗುತ್ತಾರೆ. ಪೊನ್ನಪ್ಪನವರಿಗೆ ಕೆಮ್ಮು ಹತ್ತುತ್ತದೆ.

ಗುರುವಪ್ಪನಿಗೆ ಅರ್ಥವಾಗಲು ತಡವಾಗುವುದಿಲ್ಲ. ಇದು ಯಮುನಳ ಕೆಲಸ. ಮನೆಯ ಗಂಡಸು ಪರಸ್ಥಳದಲ್ಲಿ ಒಲೆ ಹೂಡಿದರೆ ಮೊದಲ ತುತ್ತು, ಮೊದಲ ಗುಟುಕು ಗುರುಕಾರ್ನೋರಿಗೆ, ಅಂದರೆ ತೀರಿಹೋದ ಕುಟುಂಬದ ಹಿರಿಯರಿಗೆ ಎನ್ನುವುದು ಅವರ ಮನೆಯ ಕಟ್ಟು. ಹೋದ ವರ್ಷ ಅವರಿಗೆ ಬಡಿಸದೆ ಹೋದದ್ದಕ್ಕೇ ಸಮುದ್ರ ಒಳಗೆ ಬಂತೆಂದು ಯಮುನ ಆಗಿನಿಂದಲೂ ಹೇಳುತ್ತಿದ್ದರಂತೆ.

"ಹೇಳಿ ಇಡ್ಬಾರ್ದಾ ಇವ್ಳಿಗೆ! ಗೇಟಲ್ಲಿ ಸಿಕ್ಕಿದ್ರೆ?" ಎಂದು ಗುಡುಗುತ್ತಾರೆ. ಗುಡುಗಿದವರು ಬಾಟಲಿಯನ್ನು ಹೊಳೆಗೆ ಎಸೆಯುವುದಿಲ್ಲ. ಕಲ್ಲಿನ ಮೇಲೆ ಎಲೆ ಹಾಸಿ, ಕೋಳಿ ಬಡಿಸಿ, ಸಾರಾಯಿ ಎರೆದು ಕೈಮುಗಿಯುತ್ತಾರೆ. ಆಮೇಲೆ ಅಸಮಾಧಾನದಿಂದಲೇ, ಎಲ್ಲರಿಗೂ ಕೇಳುವಂತೆ ಆ ಹಿರಿಯರಿಗೆ ಹೇಳುತ್ತಾರೆ: "ಇಲ್ಲೇ ಕುಡ್ದು ಬನ್ನಿ. ಆಚೆ ಮದ್ರಾಸಿನ ಕಾನೂನು. ಅಲ್ಲಿ ಕೇಳ್ಬೇಡಿ."

ಆಗ ಯಾರೂ ನಗುವುದಿಲ್ಲ. ಪೊನ್ನಪ್ಪನವರು ಮೆಲ್ಲನೆ ಹೋಗಿ, ಯಾರೂ ಬಿಚ್ಚಿ ನೋಡಿರದ ಗ್ರಾಮಫೋನ್ ಪೆಟ್ಟಿಗೆಯ ತಳದಿಂದ ಬ್ರಾಂದಿ ಬಾಟಲಿ ತೆಗೆದು ತಂದು ಕಲ್ಲಿನ ಬಳಿ ಇಡುತ್ತಾರೆ. "ನನ್ನ ಲೆಕ್ಕದಲ್ಲೂ ಸ್ವಲ್ಪ ಹಾಕು ಗುರುವಪ್ಪ" ಎನ್ನುತ್ತಾರೆ. ಹೋದ ವರ್ಷದ ಬಾಟಲಿ ಯಾರದ್ದೆಂದು ಇನ್ನು ಯಾರೂ ಕೇಳಬೇಕಾಗಿಲ್ಲ. ಗುರುವಪ್ಪ ಅವರ ಮುಖ ನೋಡಿ, ಬಾಟಲಿ ಖಾಲಿಯಾಗುವವರೆಗೆ ಬಗ್ಗಿಸುತ್ತಾರೆ. ಒಂದು ವರ್ಷ ಊರಿಡೀ ಈ ಮನುಷ್ಯನನ್ನು ಆಡಿಕೊಂಡಿತಲ್ಲ!

ಗೇಟಿನ ಪೊಲೀಸರು ಲಾರಿ ಹತ್ತಿ, ಗೋಣಿ ಒದ್ದು, ಜಾಡಿ ಮೂಸಿ, ಹುಳಿಗೆ ಮೂಗು ಸಿಂಡರಿಸಿ ಇಳಿಯುತ್ತಾರೆ. ಬಿಸಿಲಿರುವಾಗಲೇ ನಾವು ತೀರ ಸೇರುತ್ತೇವೆ.

ಅಲ್ಲೂ ರಗಳೆ ಮುಗಿಯುವುದಿಲ್ಲ. ಡೇರೆಯ ಬಾಗಿಲಲ್ಲೇ ಸಮುದ್ರ ಕಾಣಬೇಕೆಂದು ಒಬ್ಬರು, ತೆಂಗಿನ ಮರದ ಬುಡದಲ್ಲಿ ತಂಪೆಂದು ಇನ್ನೊಬ್ಬರು. "ಕಾಯಿ ತಲೆಗೆ ಬಿದ್ರೆ ಇನ್ನೂ ತಂಪು" ಎಂದು ಗುರುವಪ್ಪ ಮುಂದೆ ನಡೆಯುತ್ತಾರೆ. ಭರತ ಬಿಟ್ಟುಹೋದ ಕಸಕಡ್ಡಿಯ ಗೆರೆ ನೋಡುತ್ತಾರೆ. ಹೋದ ವರ್ಷ ಅವರ ಪಾಡು ಕಂಡಿದ್ದ ಹತ್ತಿರದ ಮನೆಯ ಅಜ್ಜಿ, ನಗುನಗುತ್ತಲೇ ಸಿಹಿನೀರಿನ ಬಾವಿ ತೋರಿಸುತ್ತಾರೆ, ನೀರು ಏರುವ ಅಂಚನ್ನೂ ತೋರಿಸುತ್ತಾರೆ. ಅದಕ್ಕಿಂತ ಬಹಳ ಮೇಲೆ, ಗಾಳಿಮರಗಳ ಮರೆಯಲ್ಲಿ ಗೋಣಿ ಹುಗಿಯುವ ಕೆಲಸ ನಡೆಯುತ್ತದೆ. ಇಷ್ಟು ದೂರವೇ ಎಂದು ಗೊಣಗಿದವರಿಗೆ ಒಂದೇ ಉತ್ತರ: "ಸಮುದ್ರ ನೋಡ್ಲಿಕ್ಕೆ ನಾವು ಹೋಗುವ. ನಮ್ಮನ್ನು ನೋಡ್ಲಿಕ್ಕೆ ಅದು ಬರುದು ಬೇಡ."

ಮರುದಿನ ಬೆಳಗಾಗುವಾಗ ಗುರುವಪ್ಪ ಬರಿಗಾಲಲ್ಲಿ ಮರಳು ಮುಟ್ಟಿ ನೋಡುತ್ತಿದ್ದಾರೆ. ನೀರು ಬಂದುಹೋದ ಹೊಸ ಗೆರೆ ಎಷ್ಟೋ ಕೆಳಗಿದೆ. ಡೇರೆಯ ಸುತ್ತ ಮರಳು ಒಣಗಿಯೇ ಇದೆ. ತಿರುಗಿದರೆ, ಆ ಒಣ ಮರಳಿನ ಮೇಲೆ ಬೆತ್ತದ ಕುರ್ಚಿ!

"ಇದು ಎಲ್ಲಿಂದ ಬಂತು?"

ಗುರುವಪ್ಪನಿಗೆ ಕಾಣದಂತೆ ಟಾರ್ಪಾಲು ಹೊದಿಸಿ, ದೇರಪ್ಪನ ಕೈಯಲ್ಲಿ ಲಾರಿಯ ನೆತ್ತಿಗೆ ಕಟ್ಟಿಸಿ ತಂದವರು ಸುಲೋಚನಮ್ಮ. ಅವರು ನಾಚುವುದೂ ಇಲ್ಲ. "ಬೈದದ್ದು ಸಾಕು, ಕೂತ್ಕೊ. ಇದು ಗುರುವಪ್ಪನ ಜಾಗ" ಎನ್ನುತ್ತಾರೆ.

ಗುರುವಪ್ಪ ಕುರ್ಚಿಯ ಕಾಲು ಅಲುಗಾಡಿಸಿ ನೋಡುತ್ತಾರೆ. ಕೂರುತ್ತಾರೆ. ಸಮುದ್ರದ ಕಡೆ ನೋಡುತ್ತಾ ನನಗೆ ಹೇಳುತ್ತಾರೆ:

"ಪೇಪರಿನಲ್ಲಿ ಬರೀತೀರಲ್ಲ, ಒಂದು ಹಾಕಿ. ಬಸ್ಸಲ್ಲಿ ಒದ್ದೆ ಸೀಟಿಗೆ ನನ್ನ ಹೆಸರು ಹೇಳಿದ್ದು ಹೇಳಿ ಆಯ್ತು. ಇನ್ನು ಒಣಗಿದ ಸೀಟು ಸಿಕ್ಕಿದ್ರೂ ಹೇಳ್ಲಿ. ಯಮುನಳಿಗೆ ಕೇಳುವ ಹಾಗೆ ಹೇಳ್ಲಿ."